ಹಳೇ ಸರ್ವರ್ ತೆವಳುತ್ತಿದೆಯೇ? ರ್‍ಯಾಮ್ ಕೊಳ್ಳುವ ಮುಂಚೆ ಇಷ್ಟು ನೋಡಿ

ಕೋಲಾರದ ಎಪಿಎಂಸಿ ಅಂಗಳ, ಟೊಮೆಟೊ ಸುಗ್ಗಿ. ಒಂದು ಮಂಡಿಯ ಕೌಂಟರಿನಲ್ಲಿ ನಾಲ್ಕು ಕಂಪ್ಯೂಟರ್, ಒಳಕೋಣೆಯ ಮೂಲೆಯಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಟವರ್ ಸರ್ವರ್ ಎಂದುಕೊಳ್ಳಿ. ಬೆಳಗ್ಗೆ ಏಳಕ್ಕೆ ರೈತರ ಹೆಸರು ಒತ್ತಿದರೆ ಲೆಕ್ಕದ ಚೀಟಿ ಒಂದು ಸೆಕೆಂಡಿನಲ್ಲಿ ಬರುತ್ತದೆ. ಹತ್ತೂವರೆಗೆ ಅದೇ ಚೀಟಿಗೆ ನಲವತ್ತು ಸೆಕೆಂಡ್. ಸರ್ವರ್ ಮುಂದಿನ ಡಿಸ್ಕ್ ದೀಪ ಮಿಟುಕುವುದು ಬಿಟ್ಟು ಒಂದೇ ಸಮನೆ ಉರಿಯುತ್ತಿದೆ. ಹತ್ತಿರ ಹೋಗಿ ಕಿವಿಗೊಟ್ಟರೆ ಒಳಗೆ ಕರಕರ ಸದ್ದು. ಯಾರೋ ರೀಸ್ಟಾರ್ಟ್ ಮಾಡುತ್ತಾರೆ, ಅರ್ಧ ಗಂಟೆ ಸರಿಹೋಗುತ್ತದೆ, ಮತ್ತೆ ಅದೇ ಪಾಡು.

ಮೊದಲಾಗಿದ್ದರೆ "ಇನ್ನೊಂದು 4 ಜಿಬಿ ರ್‍ಯಾಮ್ ಹಾಕಿಸಿ" ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಮೆಮೊರಿ ಚಿಪ್ ಕಾರ್ಖಾನೆಗಳು ಎಐ ಡೇಟಾ ಸೆಂಟರ್‌ಗಳ ಬೇಡಿಕೆಯತ್ತ ತಿರುಗಿ, 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಜೋರಾಗಿ ಏರಿತು. ಹೀಗಾಗಿ ಹಳೇ ಯಂತ್ರವನ್ನೇ ಇನ್ನೆರಡು ವರ್ಷ ದೂಡೋಣ ಎನ್ನುವವರು ಹೆಚ್ಚಿದ್ದಾರೆ. ಮಂಡಿ, ಸಹಕಾರ ಸಂಘ, ಕಾಲೇಜು ಗ್ರಂಥಾಲಯ, ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯ ಲೆಕ್ಕದ ಕೋಣೆ, ಎಲ್ಲ ಕಡೆಯೂ ಪ್ರಶ್ನೆ ಒಂದೇ: ನಿಧಾನ ಯಾಕೆ? ಪ್ರೊಸೆಸರ್ ಸೋತಿದೆಯೋ, ಮೆಮೊರಿ ಸಾಲದೋ, ಡಿಸ್ಕ್ ಸಾಯುತ್ತಿದೆಯೋ, ಇಲ್ಲಾ ಕೇಬಲ್ಲನ್ನು ಇಲಿ ಕಡಿದಿದೆಯೋ? ಕೌಂಟರಿನಲ್ಲಿ ಕುಳಿತವರಿಗೆ ನಾಲ್ಕೂ ಒಂದೇ ಥರ ಕಾಣುತ್ತವೆ. ನೋಡದೆ ಮದ್ದು ಮಾಡಿದರೆ ಎತ್ತಿಗೆ ಜ್ವರ ಬಂದು ಎಮ್ಮೆಗೆ ಬರೆ ಎಳೆದ ಹಾಗೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಓಡುವ ಸರ್ವರ್‌ಗೆ. ಆಜ್ಞೆಗಳ ಹೆಸರನ್ನು ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತಬೇಕು.

## ಅಂಗಳ, ಗೋಡೌನ್, ಹರಾಜು ಕೂಗುವವನು

ಕಂಪ್ಯೂಟರಿನಲ್ಲಿ ಕೆಲಸ ಮಾಡುವುದು ಪ್ರೊಸೆಸರ್. ಮಂಡಿಯ ಲೆಕ್ಕದಲ್ಲಿ ಅದು ಹರಾಜು ಕೂಗುವವನು. ಅವನು ಕೂಗುವುದು ಅಂಗಳದಲ್ಲಿ ಕಣ್ಣೆದುರು ಇಳಿಸಿರುವ ಕ್ರೇಟುಗಳನ್ನು ಮಾತ್ರ. ಆ ಅಂಗಳವೇ ರ್‍ಯಾಮ್. ದೂರದ ಗೋಡೌನ್ ಹಾರ್ಡ್ ಡಿಸ್ಕ್: ಅಲ್ಲಿ ಜಾಗ ಬೇಕಾದಷ್ಟಿದೆ, ಆದರೆ ಅಲ್ಲಿರುವ ಮಾಲನ್ನು ಹರಾಜಿಗಿಡಬೇಕೆಂದರೆ ಮೊದಲು ಅಂಗಳಕ್ಕೆ ತರಿಸಬೇಕು.

ಅಂಗಳ ತುಂಬಿರುವಾಗ ಇನ್ನೊಂದು ಲೋಡು ಬಂದರೆ? ಹಮಾಲಿಗಳು ಸದ್ಯಕ್ಕೆ ಯಾರೂ ಕೇಳದ ಕ್ರೇಟುಗಳನ್ನು ಗೋಡೌನಿಗೆ ಸಾಗಿಸಿ ಜಾಗ ಮಾಡುತ್ತಾರೆ. ಇದೇ ಸ್ವಾಪ್. ಡಿಸ್ಕಿನ ಒಂದು ಭಾಗವನ್ನು ಹೆಚ್ಚುವರಿ ಅಂಗಳದಂತೆ ಬಳಸುವುದು. ಇದರಲ್ಲಿ ತಪ್ಪೇನಿಲ್ಲ. ತೊಂದರೆ ಶುರುವಾಗುವುದು ಸಾಗಿಸಿದ ಕ್ರೇಟನ್ನೇ ಮರುಕ್ಷಣ ಯಾರೋ ಕೇಳಿದಾಗ. ಅದನ್ನು ತರಬೇಕೆಂದರೆ ಇನ್ನೊಂದನ್ನು ಒಯ್ಯಬೇಕು. ಒಯ್ದದ್ದನ್ನು ಮತ್ತೊಬ್ಬ ಕೇಳುತ್ತಾನೆ. ಹಮಾಲಿಗಳು ಬೆವರು ಸುರಿಸಿ ಓಡುತ್ತಿದ್ದಾರೆ, ಹರಾಜು ಕೂಗುವವನು ಬಾಯಿ ಮುಚ್ಚಿ ನಿಂತಿದ್ದಾನೆ. ಈ ಸ್ಥಿತಿಗೆ ಥ್ರ್ಯಾಶಿಂಗ್ ಎನ್ನುತ್ತಾರೆ. ಕಡಿಮೆ ಮೆಮೊರಿಯ ಹಳೇ ಸರ್ವರ್‌ಗಳು ನಿಧಾನವಾಗುವುದು ಬಹುಪಾಲು ಇದರಿಂದಲೇ.

ಅಂಗಳಕ್ಕೂ ಗೋಡೌನಿಗೂ ಅಂತರ ಎಷ್ಟು? ರ್‍ಯಾಮ್‌ನಿಂದ ಒಂದು ತುಣುಕು ಓದಲು ಸುಮಾರು 100 ನ್ಯಾನೊಸೆಕೆಂಡ್ ಬೇಕು. ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಸಾಧಾರಣ ಎಸ್‌ಎಸ್‌ಡಿಗೆ ಸುಮಾರು 100 ಮೈಕ್ರೊಸೆಕೆಂಡ್, ಅಂದರೆ ಸಾವಿರ ಪಟ್ಟು. ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್, ಲಕ್ಷ ಪಟ್ಟು. ಅಂಗಳದ ಕ್ರೇಟ್ ಎತ್ತಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೆ ಎಸ್‌ಎಸ್‌ಡಿಯಿಂದ ತರಲು 17 ನಿಮಿಷ, ಹಾರ್ಡ್ ಡಿಸ್ಕಿನಿಂದ ತರಲು ಸುಮಾರು 28 ಗಂಟೆ. ಅಷ್ಟು ಹೊತ್ತಿಗೆ ಕೋಲಾರ ಬಿಟ್ಟ ಲಾರಿ ನಾಗಪುರದ ಹತ್ತಿರ ಇರುತ್ತದೆ.

ಹಾರ್ಡ್ ಡಿಸ್ಕ್ ಇಷ್ಟು ನಿಧಾನ ಏಕೆಂದರೆ ಅದು ಯಂತ್ರ. 7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ 120 ಸುತ್ತು ಹಾಕುತ್ತದೆ, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಓದುವ ತಲೆ ಸರಿಯಾದ ಗೆರೆಗೆ ಸರಿದು, ಬೇಕಾದ ಜಾಗ ತನ್ನ ಕೆಳಗೆ ತಿರುಗಿ ಬರುವ ತನಕ ಕಾಯಬೇಕು. ಹೀಗಾಗಿ ಚದುರಿದ ತುಣುಕುಗಳಾದರೆ ಸೆಕೆಂಡಿಗೆ ನೂರರ ಆಸುಪಾಸು ಮಾತ್ರ ಓದಬಲ್ಲದು. ಲಿನಕ್ಸ್ ಮೆಮೊರಿಯನ್ನು ಪುಟ ಎಂಬ ಸಮ ತುಂಡುಗಳಲ್ಲಿ ಎಣಿಸುತ್ತದೆ, ಒಂದು ಪುಟ 4 ಕೆಬಿ. ನೂರು ಪುಟ ಎಂದರೆ ಸೆಕೆಂಡಿಗೆ 400 ಕೆಬಿ. ಆ ಲೆಕ್ಕದಲ್ಲಿ ಸ್ವಾಪ್‌ಗೆ ಹೋದ 200 ಎಂಬಿ ಮರಳಿ ಬರಲು ಎಂಟು ನಿಮಿಷ ದಾಟುತ್ತದೆ. ಅಕ್ಕಪಕ್ಕದ ಪುಟಗಳನ್ನೂ ಒಟ್ಟಿಗೆ ಎತ್ತಿ ಲಿನಕ್ಸ್ ಇದನ್ನು ಒಂದಿಷ್ಟು ಸುಧಾರಿಸುತ್ತದೆ ನಿಜ, ಆದರೂ ಆ ಕರಕರ ಸದ್ದಿನ ಮೂಲ ಇದೇ: ಓದುವ ತಲೆ ಅತ್ತಿಂದಿತ್ತ ಓಡುತ್ತಿದೆ.

## ನಿಧಾನವಾಗಿರುವಾಗಲೇ ನೋಡಬೇಕು

ರೀಸ್ಟಾರ್ಟ್ ಮಾಡಿದ ಮೇಲೆ ಸಾಕ್ಷ್ಯ ಅಳಿಸಿಹೋಗಿರುತ್ತದೆ. ಆದ್ದರಿಂದ ಮೊದಲ ನಿಯಮ, ಬಟನ್ ಒತ್ತುವ ಮುಂಚೆ ಐದು ನಿಮಿಷ ತಾಳುವುದು.

ಮೊದಲು ಸರ್ವರ್‌ನದೇ ತಪ್ಪು ಎಂದು ಖಾತ್ರಿ ಮಾಡಿಕೊಳ್ಳಿ. ಕೌಂಟರಿನ ಕಂಪ್ಯೂಟರಿನಿಂದ ಸರ್ವರ್‌ಗೆ ಪಿಂಗ್ ಮಾಡಿ, ಅಂದರೆ ಪಿಂಗ್ ಆಜ್ಞೆಯಿಂದ ಸಣ್ಣ ಸಂದೇಶ ಕಳಿಸಿ ಉತ್ತರ ಬರುವ ಸಮಯ ನೋಡಿ. ಒಂದೇ ಕಟ್ಟಡದೊಳಗೆ ಕೇಬಲ್ ಮೂಲಕವಾದರೆ ಉತ್ತರ 1 ಮಿಲಿಸೆಕೆಂಡಿನೊಳಗೆ ಬರಬೇಕು. ನೂರು ಪಿಂಗ್‌ಗೆ ನಾಲ್ಕೈದು ಕಳೆದುಹೋದರೂ ಕೇಬಲ್, ಅದರ ತುದಿಯ ಕ್ಲಿಪ್, ಸ್ವಿಚ್ಚಿನ ಪೋರ್ಟ್ ನೋಡಿ. ಎಂಟು ತಂತಿಗಳಲ್ಲಿ ಒಂದೆರಡು ಕಡಿದುಹೋದಾಗ 1000 ಎಂಬಿಪಿಎಸ್ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುವುದುಂಟು. ಸರ್ವರ್‌ನಲ್ಲಿ ಈಥ್‌ಟೂಲ್ ಆಜ್ಞೆ ಈಗಿನ ವೇಗವನ್ನು ತೋರಿಸುತ್ತದೆ. ಒಂದೇ ಕೌಂಟರ್ ನಿಧಾನವಾಗಿ ಉಳಿದ ಮೂರು ಸರಿಯಿದ್ದರೆ ಸರ್ವರ್ ಬಿಚ್ಚುವ ಮಾತೇ ಬೇಡ.

ಇನ್ನೊಂದು ಸಣ್ಣ ಕೆಲಸ, ದೊಡ್ಡ ಲಾಭ: ಸಿಸ್‌ಸ್ಟಾಟ್ ಎಂಬ ಪ್ಯಾಕೇಜನ್ನು ಮೊದಲೇ ಹಾಕಿಡಿ. ಅದು ಹತ್ತು ನಿಮಿಷಕ್ಕೊಮ್ಮೆ ಯಂತ್ರದ ಸ್ಥಿತಿಯನ್ನು ಬರೆದಿಡುತ್ತದೆ. ಡೆಬಿಯನ್ ಬಳಗದ ಲಿನಕ್ಸ್‌ನಲ್ಲಿ ಹಾಕಿದರಷ್ಟೇ ಸಾಲದು, ದಾಖಲೆ ಬರೆಯುವುದನ್ನು ಆನ್ ಮಾಡಬೇಕು. ಆಮೇಲೆ ಸಾರ್ ಆಜ್ಞೆಯಿಂದ ನಿನ್ನೆ ಹತ್ತೂವರೆಗೆ ಏನಾಗಿತ್ತು ಎಂದು ಇವತ್ತು ಸಂಜೆ ನಿಧಾನವಾಗಿ ಕೂತು ನೋಡಬಹುದು.

## ಲೋಡ್ ಆವರೇಜ್ ಎಂಬ ಮೋಸಗಾರ

ಟಾಪ್ ಆಜ್ಞೆ ಕೊಟ್ಟ ಕೂಡಲೇ ಮೇಲಿನ ಸಾಲಿನಲ್ಲಿ ಮೂರು ಅಂಕಿ ಕಾಣುತ್ತವೆ: ಕಳೆದ 1, 5 ಮತ್ತು 15 ನಿಮಿಷಗಳ ಲೋಡ್ ಆವರೇಜ್. ಎರಡು ಕೋರ್‌ಗಳ ಯಂತ್ರದಲ್ಲಿ ಅದು 11 ಎಂದಿದ್ದರೆ "ಪ್ರೊಸೆಸರ್ ಸಾಲದು" ಎಂದು ತೀರ್ಪು ಕೊಟ್ಟುಬಿಡುವವರೇ ಹೆಚ್ಚು.

ಲಿನಕ್ಸ್‌ನಲ್ಲಿ ಈ ಅಂಕಿ ಪ್ರೊಸೆಸರಿಗಾಗಿ ಸಾಲು ನಿಂತವರನ್ನಷ್ಟೇ ಎಣಿಸುವುದಿಲ್ಲ, ಡಿಸ್ಕಿನ ಉತ್ತರಕ್ಕಾಗಿ ಕದಲದೆ ಕಾಯುತ್ತಿರುವ ಕೆಲಸಗಳನ್ನೂ ಸೇರಿಸಿಕೊಳ್ಳುತ್ತದೆ. ಟಾಪ್‌ನ ಪಟ್ಟಿಯಲ್ಲಿ ಅವುಗಳ ಸ್ಥಿತಿ ಡಿ ಅಕ್ಷರದಿಂದ ಗೊತ್ತಾಗುತ್ತದೆ. ಹರಾಜು ಕೂಗುವವನ ಮುಂದೆ ನಿಂತ ಜನ, ಗೋಡೌನಿನಿಂದ ಮಾಲು ಬರಲಿ ಎಂದು ಕಾಯುವ ಜನ, ಇಬ್ಬರನ್ನೂ ಕೂಡಿಸಿ "ಇಷ್ಟು ಜನ ನಿಂತಿದ್ದಾರೆ" ಎಂದು ಹೇಳಿದಂತೆ. ಯಾರು ಯಾವುದಕ್ಕೆ ಕಾಯುತ್ತಿದ್ದಾರೆ ಎಂಬುದು ಈ ಅಂಕಿಯಿಂದ ತಿಳಿಯದು.

ಅದು ತಿಳಿಯುವುದು ಟಾಪ್‌ನ ಮೂರನೇ ಸಾಲಿನಿಂದ. ಯುಎಸ್ (ಪ್ರೋಗ್ರಾಮುಗಳ ಕೆಲಸ) ಮತ್ತು ಎಸ್‌ವೈ (ಲಿನಕ್ಸ್‌ನದೇ ಕೆಲಸ) ಸೇರಿ ನೂರಕ್ಕೆ 90 ದಾಟಿದ್ದರೆ ಪ್ರೊಸೆಸರ್ ನಿಜಕ್ಕೂ ದುಡಿಯುತ್ತಿದೆ. ಡಬ್ಲ್ಯುಎ ದೊಡ್ಡದಿದ್ದರೆ ಪ್ರೊಸೆಸರ್ ಕೈಕಟ್ಟಿ ಕುಳಿತು ಡಿಸ್ಕಿಗಾಗಿ ಕಾಯುತ್ತಿದೆ. ಎರಡನೆಯದಾದರೆ ಇದರ ಎರಡರಷ್ಟು ವೇಗದ ಪ್ರೊಸೆಸರ್ ತಂದರೂ ಚೀಟಿ ಅದೇ ನಲವತ್ತು ಸೆಕೆಂಡಿಗೇ ಬರುತ್ತದೆ.

## ಫ್ರೀ ಕಡಿಮೆ ಇದ್ದರೆ ಗಾಬರಿ ಬೇಡ

ಫ್ರೀ ಆಜ್ಞೆಗೆ ಹೈಫನ್ ಎಂ ಸೇರಿಸಿದರೆ ಮೆಮೊರಿಯ ಲೆಕ್ಕ ಎಂಬಿಯಲ್ಲಿ ಬರುತ್ತದೆ. 4 ಜಿಬಿ ಯಂತ್ರದಲ್ಲಿ ಫ್ರೀ ಎಂಬ ಕಾಲಂ 120 ಎಂದು ತೋರಿಸಿದರೆ ಎದೆ ಧಸಕ್ಕೆನ್ನುತ್ತದೆ. ಅದು ಬೇಕಿಲ್ಲ. ಖಾಲಿ ಬಿದ್ದ ಅಂಗಳದಿಂದ ಯಾರಿಗೂ ಉಪಯೋಗವಿಲ್ಲ ಎಂಬುದು ಲಿನಕ್ಸ್‌ನ ಲೆಕ್ಕಾಚಾರ. ಡಿಸ್ಕಿನಿಂದ ಒಮ್ಮೆ ಓದಿದ ಫೈಲುಗಳನ್ನು ಮತ್ತೆ ಬೇಕಾದೀತು ಎಂದು ಖಾಲಿ ಜಾಗದಲ್ಲೇ ಇಟ್ಟುಕೊಂಡಿರುತ್ತದೆ. ಬಫ್ ಕ್ಯಾಶ್ ಎಂಬ ಕಾಲಂ ಅದರದ್ದು. ಯಾರಿಗಾದರೂ ಜಾಗ ಬೇಕಾದರೆ ಅದರ ಬಹುಪಾಲನ್ನು ತಕ್ಷಣ ತೆರವು ಮಾಡಿಕೊಡುತ್ತದೆ.

ನೋಡಬೇಕಾದ್ದು ಕೊನೆಯ ಕಾಲಂ, ಅವೈಲಬಲ್. ಹೊಸ ಕೆಲಸಕ್ಕೆ ಸ್ವಾಪ್ ಮುಟ್ಟದೆ ಎಷ್ಟು ಮೆಮೊರಿ ಕೊಡಬಹುದು ಎಂಬ ಅಂದಾಜು ಅದು. 4 ಜಿಬಿ ಯಂತ್ರದಲ್ಲಿ ಅದು 800 ಎಂಬಿ ಇದ್ದರೆ ನೆಮ್ಮದಿ. 150 ಎಂಬಿಗೆ ಇಳಿದು ಅಲ್ಲೇ ನಿಂತಿದ್ದರೆ ಕಷ್ಟ.

ಕ್ಯಾಶ್ ಖಾಲಿ ಮಾಡುವ ಆಜ್ಞೆಯನ್ನು ಗಂಟೆಗೊಮ್ಮೆ ಓಡುವಂತೆ ಇಟ್ಟು "ಮೆಮೊರಿ ಕ್ಲೀನ್ ಮಾಡ್ತಿದೀನಿ" ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಅಂಗಳದಲ್ಲಿ ಕೈಗೆ ಸಿಗುವಂತಿದ್ದ ಮಾಲನ್ನೆಲ್ಲ ಹೊರಗೆಸೆದು, ಮತ್ತೆ ಗೋಡೌನಿನಿಂದಲೇ ತರಿಸುವ ಕೆಲಸ ಅದು. ಫ್ರೀ ಅಂಕಿ ಚೆಂದ ಕಾಣುತ್ತದೆ, ಸರ್ವರ್ ಇನ್ನಷ್ಟು ನಿಧಾನವಾಗುತ್ತದೆ. ಅಂಥದ್ದೊಂದು ನಿಮ್ಮ ಸರ್ವರ್‌ನಲ್ಲಿದ್ದರೆ ಇವತ್ತೇ ತೆಗೆಯಿರಿ.

## ಹಮಾಲಿಗಳನ್ನು ಎಣಿಸುವುದು

ಎಲ್ಲಕ್ಕಿಂತ ಉಪಯುಕ್ತ ಆಜ್ಞೆ ವಿಎಂಸ್ಟಾಟ್. ಅದರ ಮುಂದೆ ಜಾಗ ಬಿಟ್ಟು 1 ಎಂದು ಹಾಕಿದರೆ ಸೆಕೆಂಡಿಗೊಂದು ಸಾಲು ಬರೆಯುತ್ತಾ ಹೋಗುತ್ತದೆ. ಮೊದಲ ಸಾಲು ಯಂತ್ರ ಆನ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ, ಅದನ್ನು ಬಿಟ್ಟುಬಿಡಿ. ಎರಡನೆಯದರಿಂದ ಓದಿ.

ಹತ್ತೂವರೆಯ ಹೊತ್ತಿಗೆ ಅದರಲ್ಲಿ ಇಂಥದ್ದೊಂದು ಸಾಲು ಕಾಣುತ್ತದೆ ಎನ್ನಿ: ಆರ್ ಕೆಳಗೆ 1, ಬಿ ಕೆಳಗೆ 9, ಎಸ್‌ಐ 1840, ಎಸ್‌ಒ 2210, ಯುಎಸ್ 6, ಎಸ್‌ವೈ 5, ಐಡಿ (ಬಿಡುವು) 0, ಡಬ್ಲ್ಯುಎ 89. ಇದನ್ನು ಹೀಗೆ ಓದಬೇಕು. ಪ್ರೊಸೆಸರ್ ಬೇಕಾಗಿರುವುದು ಒಂದು ಕೆಲಸಕ್ಕೆ ಮಾತ್ರ. ಒಂಬತ್ತು ಕೆಲಸಗಳು ಡಿಸ್ಕಿಗಾಗಿ ಕಾಯುತ್ತಿವೆ. ಸೆಕೆಂಡಿಗೆ 1840 ಕೆಬಿ ಸ್ವಾಪ್‌ನಿಂದ ಒಳಗೆ ಬರುತ್ತಿದೆ, 2210 ಕೆಬಿ ಹೊರಗೆ ಹೋಗುತ್ತಿದೆ. ನೂರರಲ್ಲಿ 89 ಪಾಲು ಸಮಯ ಕಾಯುವುದರಲ್ಲೇ ಹಾಳು. ಹಮಾಲಿಗಳ ಓಡಾಟ ಕಣ್ಣಿಗೆ ಕಂಡ ಹಾಗೆಯೇ.

ಎಸ್‌ಐ, ಎಸ್‌ಒ ಎರಡೂ ಒಟ್ಟಿಗೆ, ಸಾಲು ಸಾಲಾಗಿ, ನಿಮಿಷಗಟ್ಟಲೆ ಸೊನ್ನೆಯಾಗದೆ ಇರುವುದೇ ಥ್ರ್ಯಾಶಿಂಗ್‌ನ ಗುರುತು. ಆಗೊಮ್ಮೆ ಈಗೊಮ್ಮೆ ಒಂದು ಅಂಕಿ ಇಣುಕಿದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಫ್ರೀ ಆಜ್ಞೆಯಲ್ಲಿ ಸ್ವಾಪ್ 700 ಎಂಬಿ ಬಳಕೆಯಾಗಿದೆ ಎಂದಿದ್ದು, ಇಲ್ಲಿ ಎರಡೂ ಕಾಲಂ ಸೊನ್ನೆ ಇದ್ದರೂ ಚಿಂತೆಯಿಲ್ಲ. ಯಾವತ್ತೋ ಒಯ್ದಿಟ್ಟ ಮಾಲನ್ನು ಯಾರೂ ಕೇಳುತ್ತಿಲ್ಲ, ಅಷ್ಟೇ.

ಹಾಗಾದರೆ ಸ್ವಾಪನ್ನೇ ಆಫ್ ಮಾಡಿದರೆ? ಹಲವರು ಮಾಡುತ್ತಾರೆ. ಆಗ ಎಸ್‌ಐ, ಎಸ್‌ಒ ಸೊನ್ನೆಯಾಗುತ್ತವೆ, ಸರ್ವರ್ ಮಾತ್ರ ತೆವಳುತ್ತಲೇ ಇರುತ್ತದೆ. ಕಾರಣ, ಡೇಟಾ ಒಯ್ದಿಡಲು ಗೋಡೌನ್ ಇಲ್ಲದಾಗ ಲಿನಕ್ಸ್ ಓಡುತ್ತಿರುವ ಪ್ರೋಗ್ರಾಮುಗಳ ಕೋಡ್ ಪುಟಗಳನ್ನೇ ಮೆಮೊರಿಯಿಂದ ಕೈಬಿಡುತ್ತದೆ. ಹೇಗೂ ಅವು ಡಿಸ್ಕಿನಲ್ಲಿವೆಯಲ್ಲ. ಮರುಕ್ಷಣ ಅದೇ ಕೋಡ್ ಬೇಕಾಗುತ್ತದೆ, ಮತ್ತೆ ಓದುತ್ತದೆ. ಇದೂ ಥ್ರ್ಯಾಶಿಂಗೇ, ವೇಷ ಬೇರೆ. ಈಗ ಅದು ಡಿಸ್ಕಿನಿಂದ ಓದಿದ್ದನ್ನು ತೋರಿಸುವ ಬಿಐ ಎಂಬ ಕಾಲಂನಲ್ಲಿ ದೊಡ್ಡ ಅಂಕಿಯಾಗಿ ಕಾಣುತ್ತದೆ.

ಲಿನಕ್ಸ್‌ನ ತಿರುಳಾದ ಕರ್ನಲ್ 4.20 ಅಥವಾ ಅದಕ್ಕಿಂತ ಹೊಸದಿದ್ದರೆ ಇನ್ನೂ ಸುಲಭದ ದಾರಿ ಇದೆ. ಪ್ರಾಕ್ ಡೈರೆಕ್ಟರಿಯೊಳಗಿನ ಪ್ರೆಶರ್ ಫೋಲ್ಡರಿನಲ್ಲಿ ಮೆಮೊರಿ, ಐಒ, ಸಿಪಿಯು ಎಂಬ ಮೂರು ಫೈಲುಗಳಿರುತ್ತವೆ. ಮೆಮೊರಿ ಫೈಲಿನ ಫುಲ್ ಸಾಲಿನಲ್ಲಿ ಆವರೇಜ್ 60 ಎದುರು 30 ಎಂದಿದ್ದರೆ, ಕಳೆದ ಒಂದು ನಿಮಿಷದಲ್ಲಿ ನೂರಕ್ಕೆ 30 ಪಾಲು ಸಮಯ ಮೆಮೊರಿ ಕೊರತೆಯಿಂದ ಕೆಲಸವೆಲ್ಲ ಸ್ಥಗಿತವಾಗಿತ್ತು ಎಂದರ್ಥ. ಕೆಲವು ಲಿನಕ್ಸ್‌ಗಳಲ್ಲಿ ಈ ಸೌಲಭ್ಯವನ್ನು ಬೂಟ್ ಸಮಯದ ಆಯ್ಕೆಯಿಂದ ಆನ್ ಮಾಡಬೇಕಾಗುತ್ತದೆ.

ವಿಂಡೋಸ್ ಸರ್ವರ್ ಆದರೆ ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ಟ್ಯಾಬಿನಲ್ಲಿ ಹಾರ್ಡ್ ಫಾಲ್ಟ್ಸ್ ಕಾಲಂ ನೋಡಿ. ನೂರಾರು ಅಂಕಿ ಬಿಡದೆ ಕಾಣುತ್ತಿದ್ದರೆ ಅದೇ ಕಾಯಿಲೆ.

## ಅಂಗಳ ತುಂಬಿಸಿದವರು ಯಾರು?

ಟಾಪ್ ಓಡುತ್ತಿರುವಾಗ ದೊಡ್ಡಕ್ಷರ ಎಂ ಒತ್ತಿದರೆ ಹೆಚ್ಚು ಮೆಮೊರಿ ತಿನ್ನುವವರು ಮೇಲೆ ಬರುತ್ತಾರೆ. ಆರ್‌ಇಎಸ್ ಕಾಲಂ ನೋಡಿ. ವಿಐಆರ್‌ಟಿ ಕಾಲಂನ ದೈತ್ಯ ಅಂಕಿಗಳನ್ನು ಮರೆತುಬಿಡಿ, ಅದು ಕೇಳಿಟ್ಟುಕೊಂಡ ಜಾಗವೇ ಹೊರತು ಬಳಸಿದ ಜಾಗವಲ್ಲ. ಹಂಚಿಕೊಂಡ ಮೆಮೊರಿಯನ್ನು ಆರ್‌ಇಎಸ್ ಪ್ರತಿಯೊಬ್ಬರ ಲೆಕ್ಕಕ್ಕೂ ಬರೆಯುತ್ತದೆ, ಹೀಗಾಗಿ ಕೂಡಿಸಿದರೆ ಮೊತ್ತ ಜಾಸ್ತಿ ಬರುತ್ತದೆ. ನಿಖರ ಲೆಕ್ಕ ಬೇಕೆಂದರೆ ಸ್ಮೆಮ್ ಎಂಬ ಉಪಕರಣ ಹಾಕಿಕೊಂಡು ಪಿಎಸ್‌ಎಸ್ ಕಾಲಂ ಕೂಡಿಸಿ.

ನಮ್ಮ ಉದಾಹರಣೆಯ ಸರ್ವರ್‌ನಲ್ಲಿ ಅಪಾಚೆ (ಪುಟಗಳನ್ನು ಬ್ರೌಸರಿಗೆ ಕಳಿಸುವ ವೆಬ್ ಸರ್ವರ್), ಪಿಎಚ್‌ಪಿ (ಆ ಪುಟಗಳನ್ನು ಕಟ್ಟುವ ಭಾಷೆ), ಮರಿಯಾಡಿಬಿ (ಡೇಟಾಬೇಸ್) ಇವೆ ಎಂದುಕೊಳ್ಳೋಣ. ಹಳೇ ಶೈಲಿಯಲ್ಲಿ ಪಿಎಚ್‌ಪಿಯನ್ನು ಅಪಾಚೆಯ ಒಳಗೇ ಓಡಿಸುವಾಗ ಒಬ್ಬೊಬ್ಬ ಬಳಕೆದಾರನಿಗೆ ಒಂದೊಂದು ಪ್ರತ್ಯೇಕ ಅಪಾಚೆ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಬೇಕು. ಎಷ್ಟು ಪ್ರೋಸೆಸ್ ತನಕ ಹೋಗಬಹುದು ಎಂದು ಹೇಳುವುದು ಮ್ಯಾಕ್ಸ್ ರಿಕ್ವೆಸ್ಟ್ ವರ್ಕರ್ಸ್ ಎಂಬ ಸೆಟ್ಟಿಂಗ್. ಡೆಬಿಯನ್‌ನಲ್ಲಿ ಈ ಶೈಲಿಯ ಸೆಟ್ಟಿಂಗ್ ಇರುವ ಪ್ರಿಫೋರ್ಕ್ ಫೈಲಿನಲ್ಲಿ ಅದು ಹುಟ್ಟಾ, ಅಂದರೆ ನಾವು ಬದಲಾಯಿಸದಿದ್ದರೆ, 150. ಒಂದಕ್ಕೆ 50 ಎಂಬಿ ಹಿಡಿದರೂ 150ಕ್ಕೆ 7500 ಎಂಬಿ. ಯಂತ್ರದಲ್ಲಿರುವುದು 4 ಜಿಬಿ! ಬೆಳಗ್ಗೆ ಏಳಕ್ಕೆ ಹತ್ತು ಪ್ರೋಸೆಸ್ ಓಡುವಾಗ ಎಲ್ಲ ಸುಖ. ಹತ್ತೂವರೆಗೆ ಅಂಗಡಿಯ ನಾಲ್ಕು ಕೌಂಟರ್ ಜೊತೆಗೆ ಖರೀದಿದಾರರು ಮೊಬೈಲಿನಲ್ಲಿ ದರ ನೋಡಲು ಶುರುಮಾಡಿದರೆ ಸಂಖ್ಯೆ ಅರವತ್ತು, ಎಪ್ಪತ್ತಕ್ಕೆ ಏರುತ್ತದೆ. ಸ್ವಾಪ್ ಶುರುವಾದ ಮೇಲೆ ಒಂದೊಂದು ಪುಟಕ್ಕೂ ತಡ, ತಡವಾದಂತೆ ಜನ ಮತ್ತೆ ಮತ್ತೆ ರಿಫ್ರೆಶ್ ಒತ್ತುತ್ತಾರೆ, ಒತ್ತಿದಂತೆ ಇನ್ನಷ್ಟು ಪ್ರೋಸೆಸ್. ಈ ಸುಳಿ ತಾನಾಗಿ ಬಿಡುವುದಿಲ್ಲ. ರೀಸ್ಟಾರ್ಟ್ ಮಾಡಿದಾಗ ಅರ್ಧ ಗಂಟೆ ಸರಿಹೋಗುವ ಗುಟ್ಟು ಇದೇ.

ಇದಕ್ಕೆ ಮದ್ದು ಹಾಸಿಗೆ ಇದ್ದಷ್ಟು ಕಾಲು ಚಾಚುವುದು. 4 ಜಿಬಿಯಲ್ಲಿ ಕೈಗೆ ಸಿಗುವುದು ಸುಮಾರು 3800 ಎಂಬಿ. ಲಿನಕ್ಸ್‌ಗೂ ಚಿಲ್ಲರೆ ಸೇವೆಗಳಿಗೂ 400, ಡೇಟಾಬೇಸಿಗೆ 800, ಫೈಲ್ ಕ್ಯಾಶ್‌ಗೆಂದು ಮೀಸಲು 600. ಉಳಿದದ್ದು 2000. ಒಂದಕ್ಕೆ 50ರಂತೆ 40 ಪ್ರೋಸೆಸ್. ಆ ಸೆಟ್ಟಿಂಗನ್ನು 40ಕ್ಕೆ ಇಳಿಸಿದರೆ ನಲವತ್ತೊಂದನೆಯವನು ಸಾಲಿನಲ್ಲಿ ಅರೆಕ್ಷಣ ಕಾಯುತ್ತಾನೆ, ಆದರೆ ಒಳಗಿರುವ ನಲವತ್ತು ಜನ ಬೇಗ ಕೆಲಸ ಮುಗಿಸಿ ಹೊರಬೀಳುತ್ತಾರೆ. ಮಿತಿ ಇಳಿಸಿದರೆ ವೇಗ ಹೆಚ್ಚುತ್ತದೆ ಎಂದರೆ ನಂಬಿಸುವುದು ಕಷ್ಟ. ಒಂದು ಬೆಳಗ್ಗೆ ಮಾಡಿ ನೋಡಿದರೆ ಸಾಕು.

ಉಳಿದ ಹೊಟ್ಟೆಬಾಕರು: ಕ್ಲ್ಯಾಮ್ ಎವಿ ವೈರಸ್ ತಪಾಸಕ ಸೇವೆಯಾಗಿ ಓಡುತ್ತಿದ್ದರೆ ಅದೊಂದೇ 1 ಜಿಬಿಗೂ ಹೆಚ್ಚು ಹಿಡಿದಿರುತ್ತದೆ. ಯಾರೂ ಲಾಗಿನ್ ಆಗದ ಗ್ರಾಫಿಕಲ್ ಡೆಸ್ಕ್‌ಟಾಪ್ ನೂರಾರು ಎಂಬಿ ನುಂಗುತ್ತದೆ. ದಿನದಿಂದ ದಿನಕ್ಕೆ ಮೆಟ್ಟಿಲೇರಿದಂತೆ ಬೆಳೆದು, ರೀಸ್ಟಾರ್ಟ್ ಮಾಡಿದಾಗ ಮಾತ್ರ ಇಳಿಯುವ ಪ್ರೋಸೆಸ್ ಇದ್ದರೆ ಅದು ಮೆಮೊರಿ ಲೀಕ್, ಪ್ರೋಗ್ರಾಂ ಬರೆದವರೇ ಸರಿಮಾಡಬೇಕು.

ಮೆಮೊರಿ, ಸ್ವಾಪ್ ಎರಡೂ ಮುಗಿದು ಹಗ್ಗ ಪೂರ್ತಿ ಹರಿದಾಗ ಲಿನಕ್ಸ್ ತಾನೇ ಒಂದು ಪ್ರೋಸೆಸನ್ನು ಆರಿಸಿ ಕೊಲ್ಲುತ್ತದೆ. ಸಾಮಾನ್ಯವಾಗಿ ಬಲಿಯಾಗುವುದು ಅತಿ ಹೆಚ್ಚು ಮೆಮೊರಿ ಹಿಡಿದಿರುವ ಡೇಟಾಬೇಸ್. ಡಿಮೆಸ್ಗ್ ಆಜ್ಞೆಯ ಉತ್ತರದಲ್ಲಿ "ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್" ಎಂಬ ಸಾಲು ಹುಡುಕಿ. "ಡೇಟಾಬೇಸ್ ತನ್ನಷ್ಟಕ್ಕೆ ನಿಂತುಹೋಗುತ್ತೆ" ಎಂಬ ದೂರಿನ ಹಿಂದೆ ಅನೇಕ ಸಲ ಇದೇ ಇರುತ್ತದೆ.

## ಒಂದು ಹುಡುಕಾಟಕ್ಕೆ ಇಡೀ ಪುಸ್ತಕ

ಮೆಮೊರಿ ಲೆಕ್ಕ ಸರಿಯಿದ್ದೂ ಪರದೆಯ ಒಂದು ನಿರ್ದಿಷ್ಟ ಪುಟ ಮಾತ್ರ ನಿಧಾನವಾದರೆ ಡೇಟಾಬೇಸನ್ನು ಸಂಶಯಿಸಿ. ಮರಿಯಾಡಿಬಿ, ಮೈಎಸ್‌ಕ್ಯೂಎಲ್ ಎರಡರಲ್ಲೂ ಟೇಬಲ್‌ಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ, ಅಂದರೆ ಇನ್ನೋಡಿಬಿ ಬಫರ್ ಪೂಲ್, ಹುಟ್ಟಾ 128 ಎಂಬಿ. ಐದು ವರ್ಷದ ಚೀಟಿಗಳ ಟೇಬಲ್ 600 ಎಂಬಿಗೆ ಬೆಳೆದಿದ್ದು, ರೈತರ ಸಂಖ್ಯೆಯ ಮೇಲೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇಲ್ಲದಿದ್ದರೆ ಪ್ರತಿ ಹುಡುಕಾಟಕ್ಕೂ 600 ಎಂಬಿ ಪೂರ್ತಿ ಓದಬೇಕು. ಸೆಕೆಂಡಿಗೆ 100 ಎಂಬಿ ಓದುವ ಡಿಸ್ಕಿಗೆ ಅದು ಆರು ಸೆಕೆಂಡ್, ಅದೂ ಬೇರೆ ಯಾರೂ ಡಿಸ್ಕ್ ಮುಟ್ಟದಿದ್ದರೆ. ನಾಲ್ಕು ಕೌಂಟರ್ ಒಟ್ಟಿಗೆ ಕೇಳಿದರೆ ಓದುವ ತಲೆ ನಾಲ್ಕು ಕಡೆ ಓಡಿ ಇನ್ನೂ ಹದಗೆಡುತ್ತದೆ. ಇಂಡೆಕ್ಸ್ ಇದ್ದರೆ ಅದೇ ಕೆಲಸ ಹತ್ತಾರು ಪುಟಗಳ ಓದಿನಲ್ಲಿ ಮುಗಿಯುತ್ತದೆ.

ಹುಡುಕುವ ದಾರಿ: ನಿಧಾನವಾದ ಹುಡುಕಾಟಗಳನ್ನು (ಕ್ವೆರಿ) ಬರೆದಿಡುವ ಸ್ಲೋ ಕ್ವೆರಿ ಲಾಗ್ ಆನ್ ಮಾಡಿ, ಹುಟ್ಟಾ 10 ಸೆಕೆಂಡ್ ಇರುವ ಮಿತಿಯನ್ನು 1ಕ್ಕೆ ಇಳಿಸಿ. ಒಂದು ದಿನ ಬಿಟ್ಟು ಲಾಗ್ ತೆರೆದು, ಪದೇ ಪದೇ ಬರುವ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಪದ ಸೇರಿಸಿ ಓಡಿಸಿ. ಟೈಪ್ ಕಾಲಂನಲ್ಲಿ ಆಲ್ ಎಂದು ಬಂದರೆ ಅದು ಟೇಬಲ್ ಪೂರ್ತಿ ಓದುತ್ತಿದೆ. ಸರಿಯಾದ ಕಾಲಂಗೆ ಒಂದು ಇಂಡೆಕ್ಸ್ ಸೇರಿಸುವುದು ಒಂದು ಸಾಲಿನ ಕೆಲಸ. ಹರಾಜಿನ ಹೊತ್ತಿನಲ್ಲಿ ಬೇಡ, ಬ್ಯಾಕಪ್ ತೆಗೆದುಕೊಂಡು ರಾತ್ರಿ ಮಾಡಿ. ಈ ಒಂದು ಸಾಲು 8 ಜಿಬಿ ರ್‍ಯಾಮ್ ಮಾಡದ ಕೆಲಸ ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ.

## ಡಿಸ್ಕ್ ಸಾಯುತ್ತಿದ್ದರೆ

ಸ್ವಾಪ್ ಸೊನ್ನೆ, ಬಳಕೆದಾರರು ಕಡಿಮೆ, ಆದರೂ ಡಬ್ಲ್ಯುಎ ದೊಡ್ಡದು ಎಂದಾದರೆ ಡಿಸ್ಕನ್ನೇ ನೋಡಬೇಕು. ಐಒಸ್ಟಾಟ್‌ಗೆ ಹೈಫನ್ ಎಕ್ಸ್ ಸೇರಿಸಿ ಓಡಿಸಿದರೆ ಅವೇಟ್ ಎಂದು ಕೊನೆಯಾಗುವ ಕಾಲಂಗಳು ಒಂದೊಂದು ಓದು ಬರಹಕ್ಕೆ ಎಷ್ಟು ಮಿಲಿಸೆಕೆಂಡ್ ಆಯಿತು ಎಂದು ಹೇಳುತ್ತವೆ. ಆರೋಗ್ಯವಂತ ಹಾರ್ಡ್ ಡಿಸ್ಕಿಗೆ 10ರಿಂದ 20. ಹೆಚ್ಚು ಕೆಲಸವಿಲ್ಲದಾಗಲೂ 300, 500 ಬಂದರೆ ಅದು ಒಂದೇ ಜಾಗವನ್ನು ಓದಲಾಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿರಬಹುದು.

ಸ್ಮಾರ್ಟ್‌ಸಿಟಿಎಲ್ ಆಜ್ಞೆ ಡಿಸ್ಕಿನ ಆರೋಗ್ಯ ಪತ್ರ ತೋರಿಸುತ್ತದೆ. ಅದರಲ್ಲಿ 5, 197, 198 ಎಂಬ ಐಡಿ ಸಂಖ್ಯೆಯ ಸಾಲುಗಳ ಕೊನೆಯ ಅಂಕಿ ಸೊನ್ನೆ ಇರಬೇಕು. 5 ಎಂದರೆ ಕೆಟ್ಟು ಬದಲಾಯಿಸಿದ ಜಾಗಗಳು, 197 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಜಾಗಗಳು. 197 ವಾರದಿಂದ ವಾರಕ್ಕೆ ಏರುತ್ತಿದ್ದರೆ ಈ ಲೇಖನ ಓದುವುದನ್ನು ನಿಲ್ಲಿಸಿ ಮೊದಲು ಬ್ಯಾಕಪ್ ತೆಗೆಯಿರಿ. ವೇಗದ ಮಾತು ಆಮೇಲೆ.

ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ರೇಡ್ ಕಾರ್ಡ್ ಇರುವ ಹಳೇ ಸರ್ವರ್‌ಗಳಲ್ಲಿ ಇನ್ನೊಂದು ಗುಪ್ತರೋಗ ಇದೆ. ಆ ಕಾರ್ಡಿನ ಮೇಲೆ ಸಣ್ಣದೊಂದು ಬ್ಯಾಟರಿ ಇರುತ್ತದೆ. ಕರೆಂಟ್ ಹೋದಾಗ ಇನ್ನೂ ಡಿಸ್ಕಿಗೆ ಬರೆಯದ ಡೇಟಾವನ್ನು ಅದು ಕಾಪಾಡುತ್ತದೆ. ಕೆಲವು ವರ್ಷಗಳಲ್ಲಿ ಬ್ಯಾಟರಿ ಸತ್ತಾಗ ಕಾರ್ಡ್ ಎಚ್ಚರಿಕೆಯಿಂದ ರೈಟ್ ಬ್ಯಾಕ್ ವಿಧಾನ (ಮೊದಲು ಕಾರ್ಡಿನಲ್ಲಿಟ್ಟುಕೊಂಡು ಆಮೇಲೆ ಡಿಸ್ಕಿಗೆ ಬರೆಯುವುದು) ಬಿಟ್ಟು ರೈಟ್ ಥ್ರೂಗೆ ಇಳಿಯುತ್ತದೆ: ಪ್ರತಿ ಬರಹವೂ ಡಿಸ್ಕ್ ಮುಟ್ಟುವ ತನಕ ಕಾಯಬೇಕು. ಏನೂ ಬದಲಾಯಿಸದೆ ಒಂದು ದಿನ ಇದ್ದಕ್ಕಿದ್ದಂತೆ ಸೇವ್ ಮಾಡುವುದೆಲ್ಲ ನಿಧಾನವಾದರೆ ಈ ಬ್ಯಾಟರಿಯನ್ನು ನೆನೆಯಿರಿ. ಬ್ಯಾಟರಿ ಇಲ್ಲದೆಯೂ ರೈಟ್ ಬ್ಯಾಕ್ ಬಲವಂತವಾಗಿ ಆನ್ ಮಾಡುವ ಆಯ್ಕೆ ಇರುತ್ತದೆ. ಬೇಸಿಗೆಯ ಸಂಜೆ ಗಾಳಿ ಮಳೆಗೆ ಕರೆಂಟ್ ಹೋಗುವ ಊರಿನಲ್ಲಿ ಅದಕ್ಕೆ ಕೈ ಹಾಕಬೇಡಿ.

ಶಾಖದ ಮಾತು ಚಿಕ್ಕದು. ಮಂಡಿಯ ದೂಳು, ಹುಲ್ಲಿನ ಚೂರು ಫ್ಯಾನಿನಲ್ಲಿ ಮೆತ್ತಿಕೊಂಡರೆ ಪ್ರೊಸೆಸರ್ ಬಿಸಿಯಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಡಿಮೆಸ್ಗ್‌ನಲ್ಲಿ ಥ್ರಾಟಲ್ಡ್ ಎಂಬ ಪದ ಕಂಡರೆ ಪೆಟ್ಟಿಗೆ ಬಿಚ್ಚಿ ಬ್ಲೋವರ್ ಹಿಡಿಯಿರಿ. ಫ್ಯಾನ್ ರೆಕ್ಕೆ ಗಿರಗಿರನೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಹತ್ತು ವರ್ಷದಲ್ಲಿ ಒಣಗಿ ಸುಣ್ಣದಂತಾದ ಥರ್ಮಲ್ ಪೇಸ್ಟನ್ನೂ ಬದಲಾಯಿಸಿ.

## ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಆಮೇಲೆ

ವರ್ಕರ್ ಮಿತಿ, ಇಂಡೆಕ್ಸ್, ಬೇಡದ ಸೇವೆಗಳನ್ನು ನಿಲ್ಲಿಸುವುದು, ಹತ್ತು ಗಂಟೆಗೆ ಓಡುವ ಬ್ಯಾಕಪ್ಪನ್ನು ರಾತ್ರಿ ಎರಡಕ್ಕೆ ಸರಿಸುವುದು, ಇವಕ್ಕೆ ಕಾಸು ಬೇಕಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮರುದಿನ ಅದೇ ಹೊತ್ತಿಗೆ ವಿಎಂಸ್ಟಾಟ್ ನೋಡಿ.

ಆಮೇಲೆ ಝಡ್‌ರ್‍ಯಾಮ್. ಇದು ರ್‍ಯಾಮ್‌ನ ಒಂದು ಭಾಗವನ್ನೇ ಸ್ವಾಪ್ ಆಗಿ ಬಳಸುತ್ತದೆ, ಆದರೆ ಒತ್ತಿ ಹಿಂಡಿ ಇಡುತ್ತದೆ. ಸಾಮಾನ್ಯ ಡೇಟಾ ಎರಡು ಮೂರು ಪಟ್ಟು ಕುಗ್ಗುವುದರಿಂದ 4 ಜಿಬಿ ಯಂತ್ರದಲ್ಲಿ 2 ಜಿಬಿ ಝಡ್‌ರ್‍ಯಾಮ್ ಇಟ್ಟರೆ ಡಿಸ್ಕ್ ಮುಟ್ಟದೆ ಒಂದು ಜಿಬಿಯಷ್ಟಾದರೂ ಉಸಿರಾಡುವ ಜಾಗ ಸಿಗುತ್ತದೆ. ಹಿಂಡಲು ಪ್ರೊಸೆಸರ್ ದುಡಿಯಬೇಕು, ಆದರೆ ಹೇಗೂ ಅದು ಕೈಕಟ್ಟಿ ಕುಳಿತಿತ್ತಲ್ಲ. ಎಷ್ಟು ಬೇಗ ಸ್ವಾಪ್‌ಗೆ ಕೈ ಹಾಕಬೇಕು ಎಂದು ಹೇಳುವ ಸ್ವಾಪಿನೆಸ್ ಅಂಕಿಯನ್ನು 60ರಿಂದ 10ಕ್ಕೆ ಇಳಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ; ಅಂಗಳವೇ ಸಾಲದಿರುವಾಗ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಕಾಸು ಖರ್ಚು ಮಾಡುವುದಾದರೆ ಮೊದಲ ಸರದಿ ಎಸ್‌ಎಸ್‌ಡಿಯದು. ಯಂತ್ರದ ಡಿಸ್ಕ್ ಜೋಡಣೆ ಹಳೇ ಸಾಟಾ 2 ಆದರೂ ಚಿಂತೆಯಿಲ್ಲ. ಸೆಕೆಂಡಿಗೆ 300 ಎಂಬಿ ಮಿತಿ ಇದ್ದರೂ ಇಲ್ಲಿ ಬೇಕಿರುವುದು ದೊಡ್ಡ ಫೈಲಿನ ವೇಗವಲ್ಲ, ಚದುರಿದ ಚೂರುಗಳನ್ನು ಕ್ಷಣದಲ್ಲಿ ಹೆಕ್ಕುವ ಚುರುಕು. ಅದರಲ್ಲಿ ನೂರು ಪಟ್ಟು ವ್ಯತ್ಯಾಸ ಹಾಗೇ ಉಳಿಯುತ್ತದೆ.

ರ್‍ಯಾಮ್ ಬೇಕೇ ಬೇಕು ಎಂದಾದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಬಸ್ ಹತ್ತುವ ಮುಂಚೆ ಡಿಎಂಐಡಿಕೋಡ್ ಆಜ್ಞೆಯ ಮೆಮೊರಿ ವಿಭಾಗವನ್ನು ಬರೆದುಕೊಳ್ಳಿ: ಯಾವ ಜಾತಿ, ಎಷ್ಟು ಸ್ಲಾಟ್, ಬೋರ್ಡ್ ಗರಿಷ್ಠ ಎಷ್ಟು ತಾಳುತ್ತದೆ. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್. ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಸರ್ವರ್‌ಗಳದ್ದು ಇನ್ನೊಂದು ಗೋಜಲು. ಸರ್ವರ್‌ಗೆಂದೇ ಮಾಡಿದ ರಿಜಿಸ್ಟರ್ಡ್ ಮೆಮೊರಿ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಸಾಮಾನ್ಯ ಡೆಸ್ಕ್‌ಟಾಪ್ ಸ್ಲಾಟಿಗೆ ಸಲೀಸಾಗಿ ಕೂರುತ್ತದೆ ಕೂಡ, ಆದರೆ ಯಂತ್ರ ಆನ್ ಆಗುವುದಿಲ್ಲ. ರಿಜಿಸ್ಟರ್ಡ್ ಮತ್ತು ಅನ್‌ಬಫರ್ಡ್ (ಡೆಸ್ಕ್‌ಟಾಪ್ ಬಗೆ) ಬೆರೆಸಿದರೂ ಅಷ್ಟೇ. ಹಳೇ ರ್‍ಯಾಮ್ ಪಟ್ಟಿಯೊಂದನ್ನು ಬಿಚ್ಚಿ ಜೊತೆಗೇ ಒಯ್ದು, ಅದರ ಸ್ಟಿಕರ್ ಅಂಗಡಿಯವರಿಗೆ ತೋರಿಸುವುದು ಕ್ಷೇಮ. ವಿಂಡೋಸ್ 32 ಬಿಟ್ ಡೆಸ್ಕ್‌ಟಾಪ್ ಆವೃತ್ತಿಯನ್ನೇ ಸರ್ವರ್ ಮಾಡಿಕೊಂಡಿದ್ದರೆ ಎಷ್ಟೇ ರ್‍ಯಾಮ್ ಹಾಕಿದರೂ ಅದಕ್ಕೆ ಕಾಣುವುದು 3ರಿಂದ 3.5 ಜಿಬಿ. ತಂದ ರ್‍ಯಾಮ್ ಹಾಕಿದ ರಾತ್ರಿ ಮೆಮೊರಿಯ ದೋಷ ಹುಡುಕುವ ಮೆಮ್‌ಟೆಸ್ಟ್ ಓಡಲು ಬಿಟ್ಟು, ಬೆಳಗ್ಗೆ ಕೆಂಪು ಸಾಲಿಲ್ಲ ಎಂದು ನೋಡಿಕೊಂಡೇ ಚೀಟಿ ಬರೆಯಲು ಕೊಡಿ.

ಕೊನೆಗೆ ಕರೆಂಟ್ ಬಿಲ್ಲನ್ನೂ ಕೂಡಿಸಿ. ಹಳೇ ಟವರ್ ಸರ್ವರ್ 120 ವ್ಯಾಟ್ ಎಳೆಯುತ್ತಿದ್ದರೆ ಹಗಲು ರಾತ್ರಿ ಓಡಿ ವರ್ಷಕ್ಕೆ ಸುಮಾರು 1050 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 8400 ರೂಪಾಯಿ. 20 ವ್ಯಾಟ್ ಎಳೆಯುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗೆ ಅದೇ ಲೆಕ್ಕದಲ್ಲಿ 1400. ವರ್ಷಕ್ಕೆ ಏಳು ಸಾವಿರದ ಈ ಅಂತರವನ್ನು ಒಂದು ಕಡೆ, ಎಸ್‌ಎಸ್‌ಡಿ ಮತ್ತು ರ್‍ಯಾಮ್‌ಗೆ ಅಂಗಡಿಯವರು ಹೇಳಿದ ದರವನ್ನು ಇನ್ನೊಂದು ಕಡೆ ಬರೆದು ನೋಡಿ, ಆಮೇಲೆ ಯಂತ್ರ ಇಟ್ಟುಕೊಳ್ಳಬೇಕೋ ಬಿಡಬೇಕೋ ತೀರ್ಮಾನಿಸಿ.